ಒಂದು ಬದನೆಕಾಯಿ, ನಾಲ್ಕು ಪ್ರಶ್ನೆ



ಈ ಸಲ ಬೆಳೆ ಬಗ್ಗೆ ಕಡಿಮೆ, ಬೆಳೆ ಬಗ್ಗೆ ನಾವು ಮಾಡೋ ಜಗಳದ ಬಗ್ಗೆ ಜಾಸ್ತಿ ಬರೀತೀನಿ. ಸ್ವಲ್ಪ ಉದ್ದ ಐತಿ. ಬಿಸಿಲು ಇಳಿಯೋ ತನಕ ನೆರಳಲ್ಲಿ ಕೂತು ಓದ್ರಿ.

2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜೀನ್ ತಿದ್ದಿದ ಎರಡು ಭತ್ತದ ತಳಿ ಹೊರಗೆ ಬಿಟ್ಟಿತು. ಅವತ್ತಿಂದ ನಮ್ಮ ಕಡೆ ಚಹಾದಂಗಡಿ, ಬೀಜದಂಗಡಿ, ರೈತ ಸಂಪರ್ಕ ಕೇಂದ್ರದ ಕಟ್ಟೆ ಎಲ್ಲಾ ಕಡೆ ಅದರ ಮಾತು ಆಗಾಗ ಬರ್ತದೆ. ಮಾತು ಶುರುವಾಗಿ ಹತ್ತು ನಿಮಿಷಕ್ಕೆ ಎರಡು ಪಾರ್ಟಿ ಆಗಿರ್ತಾವೆ. ಒಬ್ಬ ಇನ್ನೊಬ್ಬನಿಗೆ "ನೀ ವಿಜ್ಞಾನದ ವೈರಿ" ಅಂತಾನೆ. ಅವನು ಇವನಿಗೆ "ನೀ ಕಂಪನಿ ಏಜೆಂಟ" ಅಂತಾನೆ. ಆ ಭತ್ತ ಯಾವುದು, ಅದರಲ್ಲಿ ತಿದ್ದಿದ್ದು ಏನು, ಬೀಜ ಯಾರು ಕೊಡ್ತಾರೆ, ಇದನ್ನ ಯಾರೂ ಕೇಳಿರೋದಿಲ್ಲ.

ಇಂಥ ಜಗಳ ನಮ್ಮ ರಾಜ್ಯಕ್ಕೆ ಹೊಸದಲ್ಲ. ಹಿಂದಿನ ದೊಡ್ಡ ಜಗಳ ಬಿಟಿ ಬದನೆಯದು. ಅದನ್ನ ಒಮ್ಮೆ ಬಿಚ್ಚಿ ನೋಡಿದರೆ ಈ ಭತ್ತದ ವಿಷಯದಾಗ ಹೆಂಗೆ ಮಾತಾಡಬೇಕು ಅಂತ ತಿಳೀತದೆ ಅನ್ನೋದು ನನ್ನ ಲೆಕ್ಕ.

ಮೊದಲು ನಡೆದದ್ದೇನು ಅಂತ ಹೇಳ್ತೀನಿ. ಬದನೆಗೆ ಕುಡಿ ಮತ್ತು ಕಾಯಿ ಕೊರಕ ಹುಳ ದೊಡ್ಡ ಶನಿ. ಬೆಳೆದವರಿಗೆ ಗೊತ್ತು. ಕುಡಿ ಬಾಗಿ ಬಾಡ್ತದೆ, ಕಾಯಿ ಹೊರಗೆ ಚೆಂದ ಇರ್ತದೆ, ಕೊಯ್ದರೆ ಒಳಗೆ ಹುಳ. ಮಣ್ಣಿನಲ್ಲಿರೋ ಒಂದು ಬ್ಯಾಕ್ಟೀರಿಯಾದ ಜೀನ್ ತಂದು ಗಿಡಕ್ಕೆ ಸೇರಿಸಿದರು. ಆ ಗಿಡ ತಾನೇ ಒಂದು ಪ್ರೋಟೀನ್ ತಯಾರು ಮಾಡ್ತದೆ. ಹುಳ ಅದನ್ನ ತಿಂದರೆ ಅದರ ಹೊಟ್ಟೆ ತೂತಾಗಿ ಸಾಯ್ತದೆ. ಇದನ್ನ ಮಾಡಿದ್ದು ಬೀಜದ ಕಂಪನಿ. ಜೊತೆಗೆ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೊಯಮತ್ತೂರಿನ ವಿಶ್ವವಿದ್ಯಾಲಯವೂ ಅದೇ ಜೀನನ್ನ ಸ್ಥಳೀಯ ತಳಿಗಳಿಗೆ ಸೇರಿಸಿದವು. ಧಾರವಾಡದವರು ಕೈಗೆತ್ತಿಕೊಂಡ ತಳಿಗಳಲ್ಲಿ ರಬಕವಿ, ಕುಡಚಿ, ಉಡುಪಿ ಗುಳ್ಳ ಇವೆಲ್ಲ ಇದ್ದವು.

2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಸಮಿತಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ದೇಶದ ತುಂಬ ಗದ್ದಲ ಎದ್ದಿತು. ಆಗಿನ ಪರಿಸರ ಮಂತ್ರಿ ಜೈರಾಮ್ ರಮೇಶ್ 2010ರ ಜನವರಿ, ಫೆಬ್ರವರಿಯಲ್ಲಿ 7 ಊರಲ್ಲಿ ಜನರ ಮಾತು ಕೇಳಿದರು. ಸುಮಾರು 8,000 ಜನ ಬಂದಿದ್ದರು. ಕೊನೆಯ ಸಭೆ ಫೆಬ್ರವರಿ 6ಕ್ಕೆ ಬೆಂಗಳೂರಿನಲ್ಲಿ. ರೈತರು, ವಿಜ್ಞಾನಿಗಳು, ಡಾಕ್ಟರುಗಳು, ಅಡುಗೆ ಮಾಡೋ ಹೆಣ್ಣುಮಕ್ಕಳು, ಎಲ್ಲರೂ ಮಾತಾಡಿದ ಕಾಲ ಅದು. ಕರ್ನಾಟಕವೂ ಸೇರಿ ಹಲವು ರಾಜ್ಯ ಸರ್ಕಾರಗಳು ಸದ್ಯಕ್ಕೆ ಬೇಡ ಅಂದವು. ಫೆಬ್ರವರಿ 9ಕ್ಕೆ ಮಂತ್ರಿ ಅದನ್ನ ತಡೆಹಿಡಿದರು.

ಮಂತ್ರಿಯೊಬ್ಬರು ಊರೂರು ತಿರುಗಿ ಒಂದು ತರಕಾರಿ ಬಗ್ಗೆ ಜನರನ್ನ ಕೇಳಿದ್ದು ಒಳ್ಳೇದೇ. ಅದನ್ನ ನಾನು ಕಡಿಮೆ ಮಾಡಿ ಹೇಳೋದಿಲ್ಲ. ಆದರೆ ಆ ವಾದದಲ್ಲಿ ಒಂದು ಕೊರತೆ ಇತ್ತು. ಅಲ್ಲಿದ್ದದ್ದು ಒಂದು ಪ್ರಶ್ನೆ ಅಲ್ಲ, ನಾಲ್ಕು. ನಾಲ್ಕನ್ನೂ ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಆಮೇಲೆ ಒಬ್ಬರು ಒಂದು ಪ್ರಶ್ನೆ ಕೇಳಿದರೆ ಇನ್ನೊಬ್ಬರು ಬೇರೆ ಪ್ರಶ್ನೆಗೆ ಉತ್ತರ ಕೊಟ್ಟರು.

ಮೊದಲನೇ ಪ್ರಶ್ನೆ: ಇದು ನಿಜವೋ ಸುಳ್ಳೋ? ಹುಳ ಸಾಯ್ತದೋ ಇಲ್ಲೋ, ತಿಂದ ಮನುಷ್ಯನಿಗೆ, ದನಕ್ಕೆ ಏನಾದರೂ ಆಗ್ತದೋ ಇಲ್ಲೋ. ಇದು ವಿಜ್ಞಾನದ ಪ್ರಶ್ನೆ. ಇದಕ್ಕೆ ಉತ್ತರ ಸಿಗೋದು ಪರೀಕ್ಷೆಯಿಂದ. ಕೂಗಿದವರ ಸಂಖ್ಯೆಯಿಂದ ಅಲ್ಲ. 8,000 ಜನ ಕೈ ಎತ್ತಿದರೂ ಹುಳದ ಹೊಟ್ಟೆಯೊಳಗೆ ಆಗೋದು ಬದಲಾಗೋದಿಲ್ಲ. ನಾವು ರೈತರಿಗೆ ಇದು ತಿಳಿಯದ್ದೇನಲ್ಲ. ಹೊಸ ಗೊಬ್ಬರ ಬಂದರೆ ನಾಲ್ಕು ಸಾಲಿಗೆ ಹಾಕಿ, ಪಕ್ಕದ ನಾಲ್ಕು ಸಾಲು ಹಾಗೇ ಬಿಟ್ಟು ನೋಡ್ತೀವಿ. ಅದೇ ಭೂಮಿ, ಅದೇ ದಿನ ಬಿತ್ತನೆ, ಅದೇ ನೀರು. ವಿಜ್ಞಾನ ಅಂದರೆ ಅದನ್ನೇ ಇನ್ನೂ ಕಟ್ಟುನಿಟ್ಟಾಗಿ ಮಾಡೋದು.

ಆದರೆ ಪರೀಕ್ಷೆ ಯಾರು ಮಾಡಿದರು ಅನ್ನೋದೂ ವಿಜ್ಞಾನದ ಪ್ರಶ್ನೆಯೇ. ಬದನೆ ವಿಷಯದಲ್ಲಿ ಬಹುಪಾಲು ಪರೀಕ್ಷೆ ಬೀಜ ಮಾರಬೇಕಾದವರೇ ಮಾಡಿಸಿದ್ದು, ಬೇರೆಯವರ ಲ್ಯಾಬಿನಲ್ಲಿ ಆಗಬೇಕು ಅಂತ ಮಂತ್ರಿ ತಮ್ಮ ತೀರ್ಮಾನದಲ್ಲೇ ಬರೆದರು. ಎಮ್ಮೆ ಮಾರೋನು "ದಿನಕ್ಕ 12 ಲೀಟರ್ ಕೊಡ್ತೈತ್ರಿ" ಅಂದರೆ ನಾವು ಎರಡು ಹೊತ್ತು ನಿಂತು ಕರೆಸಿ ನೋಡೋದಿಲ್ಲವಾ? ಅದೇ ಮಾತು. ಎಮ್ಮೆ ಸುಳ್ಳು ಅಂತಲ್ಲ, ಮಾರೋನ ಅಳತೆ ಒಂದೇ ಸಾಲದು ಅಂತ.

ಎರಡನೇ ಪ್ರಶ್ನೆ: ನಮ್ಮ ಕೈಯಲ್ಲಿ ನಡೀತದೋ? ಇದು ತಂತ್ರಜ್ಞಾನದ ಪ್ರಶ್ನೆ. ಲ್ಯಾಬಿನಲ್ಲಿ ನಿಜ ಆದದ್ದು ಹೊಲದಲ್ಲಿ ನಡೀಬೇಕಲ್ಲ. ಇದಕ್ಕೆ ಹತ್ತಿಯ ಉದಾಹರಣೆ ಸಾಕು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು, 2006ರಲ್ಲಿ ಎರಡು ಜೀನಿನ ಹತ್ತಿ ಬಂತು. ಹಸಿರು ಕಾಯಿಕೊರಕ ಕಡಿಮೆ ಆದದ್ದು ನಿಜ. ಮೊದಲಿನ ದಿನಗಳಲ್ಲಿ ಆ ಹುಳಕ್ಕೆ ಎಣ್ಣಿ ಹೊಡೆದು ಹೊಡೆದು ಸಾಕಾದವರು ನಮ್ಮೂರಲ್ಲಿ ಇನ್ನೂ ಇದ್ದಾರೆ, ಕೇಳಿ ನೋಡ್ರಿ.

ಬೀಜದ ಜೊತೆಗೆ ಇನ್ನೊಂದು ಸಣ್ಣ ಪೊಟ್ಟಣ ಬರ್ತಿತ್ತು. 450 ಗ್ರಾಂ ಬಿಟಿ ಬೀಜಕ್ಕೆ 120 ಗ್ರಾಂ ಬಿಟಿ ಅಲ್ಲದ ಬೀಜ. ಅದನ್ನ ಹೊಲದ ಸುತ್ತ ಬಿತ್ತಬೇಕು. ಅಲ್ಲಿ ಮಾಮೂಲಿ ಹುಳ ಬದುಕಿ, ಬಿಟಿ ತಡೆದುಕೊಂಡ ಹುಳದ ಜೊತೆ ಕೂಡಲಿ, ತಡೆದುಕೊಳ್ಳೋ ಶಕ್ತಿ ಹುಳದ ವಂಶದಲ್ಲಿ ಬೇಗ ಹರಡದೇ ಇರಲಿ ಅಂತ. ವಿಜ್ಞಾನ ಸರಿ ಇತ್ತು. ಆದರೆ ಎರಡು ಎಕರೆಯವನು ಸುತ್ತ ಐದು ಸಾಲು ಹುಳಕ್ಕೆ ಅಂತ ಯಾಕೆ ಬಿಡ್ತಾನೆ? ನಮ್ಮ ಭಾಗದಲ್ಲಿ ಬಹಳಷ್ಟು ಮಂದಿ ಆ ಪೊಟ್ಟಣ ಬಿತ್ತಲಿಲ್ಲ. ಯಾಕೆ ಬಿತ್ತಬೇಕು ಅಂತ ಅಂಗಡಿಯವರೂ ಹೇಳಲಿಲ್ಲ. ಗುಲಾಬಿ ಕಾಯಿಕೊರಕ ಬಿಟಿಯನ್ನ ಅರಗಿಸಿಕೊಂಡಿತು. ರಾಯಚೂರು ಕಡೆಯವರನ್ನ ಕೇಳಿದರೆ ಹತ್ತಿ ಕಾಯಿ ಒಡೆದು ತೋರಿಸ್ತಾರೆ. ಜಿಗಿಹುಳು, ಬಿಳಿನೊಣಕ್ಕಂತೂ ಬಿಟಿ ಯಾವತ್ತೂ ಮದ್ದು ಆಗಿರಲಿಲ್ಲ. ಅವಕ್ಕೆ ಎಣ್ಣಿ ಹೊಡೆಯೋದು ತಪ್ಪಲೇ ಇಲ್ಲ.

ಇದನ್ನ "ವಿಜ್ಞಾನ ಸೋತಿತು" ಅನ್ನೋದು ತಪ್ಪು. "ರೈತರು ಹೇಳಿದಂಗೆ ಕೇಳಲಿಲ್ಲ" ಅನ್ನೋದೂ ಅರ್ಧ ಮಾತು. ಎರಡು ಎಕರೆಯವನು ಹೆಂಗೆ ಬೇಸಾಯ ಮಾಡ್ತಾನೆ ಅಂತ ಕೇಳದೇ ಮಾಡಿದ ತಂತ್ರಜ್ಞಾನ ಅದು. ಈ ಎರಡನೇ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನಾವು. ಆದರೆ ನಮ್ಮನ್ನ ಕರೆಯೋದು ಬೀಜ ಬಿಡುಗಡೆ ಆದ ಮೇಲೆ, ಟೋಪಿ ಹಾಕಿ ಫೋಟೋ ತೆಗೆಯೋಕೆ.

ಮೂರನೇ ಪ್ರಶ್ನೆ: ಇದು ಯಾರದು? ಬೀಜ ಯಾರ ಕೈಯಲ್ಲಿ ಇರ್ತದೆ, ಲಾಭ ಯಾರಿಗೆ, ಬೆಳೆ ಹಾಳಾದರೆ ನಷ್ಟ ಯಾರಿಗೆ. ಇದು ಸಮಾಜದ ಪ್ರಶ್ನೆ. ಯಾವ ಸೂಕ್ಷ್ಮದರ್ಶಕದಲ್ಲೂ ಇದಕ್ಕೆ ಉತ್ತರ ಕಾಣೋದಿಲ್ಲ. ವಿಜ್ಞಾನಿ ಎಷ್ಟೇ ದೊಡ್ಡವರಿದ್ದರೂ ಇಲ್ಲಿ ಅವರಿಗೆ ಒಂದೇ ಓಟು, ನನಗೂ ಒಂದೇ ಓಟು.

ಹೈಬ್ರಿಡ್ ಬೀಜ ಅಂದಕೂಡಲೇ ಕಂಪನಿ ನೆನಪಾಗ್ತದೆ ನಮಗೆ. ಆದರೆ 1972ರಲ್ಲಿ ಬಂದ ವರಲಕ್ಷ್ಮಿ ಹತ್ತಿ ಧಾರವಾಡದಲ್ಲಿ ಡಾ. ಕಟರಕಿಯವರು ಮಾಡಿದ್ದು, ಸರ್ಕಾರದ ದುಡ್ಡಿನಲ್ಲಿ. ಅದೇ ತಂತ್ರ, ಮಾಲೀಕ ಮಾತ್ರ ಬೇರೆ. ಇವತ್ತು ರಾಣೆಬೆನ್ನೂರು ಸುತ್ತ ಸೀಡ್ಸ್ ಪ್ಲಾಟಿನಲ್ಲಿ ಹೂವಿನ ಕೇಸರ ಕಿತ್ತು ಕ್ರಾಸಿಂಗ್ ಮಾಡೋರು ನಮ್ಮ ಹೆಣ್ಣುಮಕ್ಕಳು. ಬೆಳಗಿಂದ ಬಗ್ಗಿ ನಿಂತು ಒಂದೊಂದೇ ಹೂವು ಮುಟ್ಟಿ ಮಾಡಿದ ಬೀಜ ಅದು. ಬೀಜದ ಬಗ್ಗೆ ಎಷ್ಟು ಚರ್ಚೆ ಆದವು, ವೇದಿಕೆ ಮೇಲೆ ಅವರಲ್ಲಿ ಒಬ್ಬರನ್ನ ಕೂಡಿಸಿದ್ದು ನಾನು ನೋಡಿಲ್ಲ. ಒಂದು ಹೂವು ಕೈ ತಪ್ಪಿದರೆ ಏನಾಗ್ತದೆ ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಬಿಟಿ ಬದನೆಯಲ್ಲಿ ಈ ಮೂರನೇ ಪ್ರಶ್ನೆ ಅರ್ಧ ಮಾತ್ರ ಕೇಳಿದೆವು. "ಕಂಪನಿ ಬೇಡ" ಅಂದೆವು, ಸರಿ. ಆದರೆ ಧಾರವಾಡದವರು ಕೈಗೆತ್ತಿಕೊಂಡದ್ದು ಹೈಬ್ರಿಡ್ ಅಲ್ಲ, ಮಾಮೂಲಿ ತಳಿ. ಅದರ ಬೀಜ ಮನೆಯಲ್ಲೇ ಇಟ್ಟುಕೊಂಡು ಮತ್ತೆ ಬಿತ್ತಬಹುದಿತ್ತು. ತಳಿ ನಮ್ಮದು, ಜೀನು ಕಂಪನಿಯದು. ಈ ಎರಡರ ನಡುವಿನ ಕರಾರು ಏನು, ಮುಂದೆ ರೈತನಿಗೆ ತೊಡಕು ಬರ್ತದೋ ಇಲ್ಲೋ, ನಮ್ಮ ತಳಿ ತಗೊಳ್ಳೋಕೆ ಊರಿನವರನ್ನ ಕೇಳಿದರೋ ಇಲ್ಲೋ? ಕೇಳಬೇಕಾದ ಪ್ರಶ್ನೆ ಅದು. ಕೆಲವರು ಕೇಳಿದರು, ಜೀವವೈವಿಧ್ಯ ಮಂಡಳಿಗೆ ದೂರೂ ಹೋಯಿತು. ಆದರೆ ಗದ್ದಲದಲ್ಲಿ ಸಾಮಾನ್ಯ ರೈತನ ಕಿವಿಗೆ ಅದು ಬೀಳಲಿಲ್ಲ. ಪಕ್ಕದ ಬಾಂಗ್ಲಾದೇಶ 2013ರಲ್ಲಿ ಒಪ್ಪಿಗೆ ಕೊಟ್ಟು, 2014ರಲ್ಲಿ 20 ರೈತರಿಗೆ ಬಿಟಿ ಬದನೆ ಸಸಿ ಕೊಟ್ಟಿತು. ಕೊಟ್ಟದ್ದು ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ. ಅವರು ಮಾಡಿದ್ದು ಸರಿ ಅಂತ ನಾನು ತೀರ್ಪು ಕೊಡ್ತಾ ಇಲ್ಲ. ಒಂದೇ ಜೀನು ಬೇರೆ ಕೈಯಿಂದ ಬಂದರೆ ಮೂರನೇ ಪ್ರಶ್ನೆಯ ಉತ್ತರ ಬೇರೆ ಆಗಬಹುದು ಅಂತ ಅಷ್ಟೇ.

ನಾಲ್ಕನೇ ಪ್ರಶ್ನೆ: ಇದು ನಮಗೆ ಏನು? ನೋಡೋಕೆ ಸಣ್ಣದು, ಹಾಗಂತ ಬಿಡೋಕೆ ಆಗೋದಿಲ್ಲ. ಉಡುಪಿ ಹತ್ತಿರದ ಮಟ್ಟು ಗ್ರಾಮದ ಗುಳ್ಳ ನೋಡ್ರಿ. ದುಂಡಗೆ, ಹಸಿರು, ತೆಳು ಸಿಪ್ಪೆ. ಆ ಬೀಜ ವಾದಿರಾಜ ಸ್ವಾಮಿಗಳು ಕೊಟ್ಟಿದ್ದು ಅಂತ ಅಲ್ಲಿನವರ ನಂಬಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ನಮ್ಮ ಕಡೆ ಸೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ಲೋಕೆ ಹೋಗುವಾಗ ಬುಟ್ಟಿಯಲ್ಲಿ ರೊಟ್ಟಿ ಜೊತೆ ಮುಳಗಾಯಿ ಎಣ್ಣೆಗಾಯಿ ಇರಲೇಬೇಕು. ಭೂಮಿತಾಯಿಗೆ ಉಣಿಸೋ ಅಡುಗೆ ಅದು. ಇದರಲ್ಲಿ ಪ್ರಯೋಗಾಲಯದ ಪುರಾವೆ ಕೇಳೋದು ದಡ್ಡತನ. "ನನಗೆ ಈ ಗುಳ್ಳ ಹಿಂಗೇ ಇರಲಿ" ಅಂತ ಮಟ್ಟಿನ ರೈತ ಹೇಳಿದರೆ ಅವನು ವಿಜ್ಞಾನದ ವೈರಿ ಆಗೋದಿಲ್ಲ. ತನ್ನದನ್ನ ತನ್ನದು ಅಂತಾನೆ, ಅಷ್ಟೇ.

ಹಾಡು, ನಾಟಕ, ಚಿತ್ರ ಎಲ್ಲಾ ಬರೋದು ಈ ನಾಲ್ಕನೇ ಪ್ರಶ್ನೆಯಲ್ಲೇ. ಆ ಹೋರಾಟದ ಕಾಲದಲ್ಲಿ ಬದನೆಕಾಯಿ ವೇಷ ಹಾಕಿಕೊಂಡು ಬೀದಿಗೆ ಬಂದವರಿದ್ದರು. ವೇಷ ಹಾಕಲಿ, ತಪ್ಪಿಲ್ಲ. ಬೀದಿ ನಾಟಕ ಜನರನ್ನ ನಿಲ್ಲಿಸ್ತದೆ, "ಏನಿದು?" ಅಂತ ಕೇಳೋ ಹಂಗೆ ಮಾಡ್ತದೆ. ನೂರು ಪುಟದ ವರದಿಯಿಂದ ಅದು ಆಗೋದಿಲ್ಲ. ಆದರೆ ನಾಟಕದಲ್ಲಿ ಬದನೆಕಾಯಿ ರಾಕ್ಷಸ ಆದರೆ ಅದು ಪುರಾವೆ ಆಗೋದಿಲ್ಲ. ಇದೇ ಮಾತು ಆ ಕಡೆಯವರಿಗೂ ಅನ್ವಯಿಸ್ತದೆ. ಬೀಜದ ಪ್ಯಾಕೆಟ್ ಮೇಲೆ ಗಿಡದ ತುಂಬ ಬಿಳಿ ಹತ್ತಿ ಒಡೆದ ಫೋಟೋ ಇರ್ತದಲ್ಲ, ಗೋಡೆ ತುಂಬ ಬಣ್ಣದ ಜಾಹೀರಾತು ಇರ್ತದಲ್ಲ, ಅದೂ ಕಲೆಯೇ. ಅದೂ ಪುರಾವೆ ಅಲ್ಲ. ನಾವು ಮಾತ್ರ ವೇಷ ಕಂಡರೆ ನಗ್ತೀವಿ, ಪ್ಯಾಕೆಟ್ ಕಂಡರೆ ದುಡ್ಡು ಕೊಡ್ತೀವಿ.

ಈ ನಾಲ್ಕನ್ನ ಕಲಸಿದ್ದರಿಂದ ಎರಡೂ ಕಡೆಯವರು ದಾರಿ ಬಿಟ್ಟರು. ಉದಾಹರಣೆ ಕೊಡ್ತೀನಿ.

ಬೇಡ ಅನ್ನೋರ ಕಡೆ: 1998ರಲ್ಲಿ ರಾಯಚೂರು, ಬಳ್ಳಾರಿ ಕಡೆ ರೈತ ಸಂಘದವರು ಪರೀಕ್ಷೆಗೆ ಬೆಳೆಸಿದ್ದ ಬಿಟಿ ಹತ್ತಿ ಸುಟ್ಟರು. ರೈತರಿಗೆ ತಿಳಿಸದೇ ಅವರ ಹೊಲದಲ್ಲಿ ಪರೀಕ್ಷೆ ಮಾಡ್ತಾರೆ ಅನ್ನೋ ಸಿಟ್ಟು ಅದರಲ್ಲಿತ್ತು. ಅದು ಮೂರನೇ ಪ್ರಶ್ನೆ, ಸರಿಯಾದ ಪ್ರಶ್ನೆ. ಆದರೆ ಅದರ ಜೊತೆಗೆ "ಇದು ಟರ್ಮಿನೇಟರ್ ಬೀಜ, ಒಮ್ಮೆ ಬಿತ್ತಿದರೆ ಮತ್ತೆ ಹುಟ್ಟೋದಿಲ್ಲ" ಅನ್ನೋ ಮಾತು ಹಳ್ಳಿ ಹಳ್ಳಿಗೆ ಹಬ್ಬಿತು. ಬಿಟಿ ಹತ್ತಿಯಲ್ಲಿ ಆ ಜೀನು ಇರಲಿಲ್ಲ. ಆ ಟರ್ಮಿನೇಟರ್ ಬೀಜ ಜಗತ್ತಿನಲ್ಲಿ ಎಲ್ಲೂ ಮಾರಾಟಕ್ಕೇ ಬರಲಿಲ್ಲ. ವರ್ಷ ವರ್ಷ ಬೀಜ ಕೊಳ್ಳಬೇಕಾಗಿರೋದು ಅದು ಹೈಬ್ರಿಡ್ ಆಗಿರೋದಕ್ಕೆ. ಇವತ್ತಿಗೂ ನಮ್ಮೂರಲ್ಲಿ ಎರಡನ್ನೂ ಒಂದೇ ಅಂದುಕೊಂಡವರಿದ್ದಾರೆ.

ಬೇಕು ಅನ್ನೋರ ಕಡೆ: ತಡೆ ಬಂದ ವರ್ಷವೇ, 2010ರ ಸೆಪ್ಟೆಂಬರ್‌ನಲ್ಲಿ, ದೇಶದ ಆರು ದೊಡ್ಡ ವಿಜ್ಞಾನ ಅಕಾಡೆಮಿಗಳು ಸೇರಿ ಒಂದು ವರದಿ ಕೊಟ್ಟವು. ಬಿಟಿ ಬದನೆಯನ್ನ ಮಿತಿಯಲ್ಲಿ ಬಿಡಬಹುದು ಅಂತ. ಆಮೇಲೆ ನೋಡಿದರೆ ಅದರಲ್ಲಿ ಕೆಲವು ಸಾಲು, ಬಿಟಿ ಪರವಾಗಿ ಮೊದಲೇ ಅಚ್ಚಾಗಿದ್ದ ಲೇಖನದಿಂದ ಹಾಗೇ ಎತ್ತಿದ್ದು. ಮಂತ್ರಿಗಳೇ ಸಿಟ್ಟಾದರು, ಅವರು ಮತ್ತೆ ತಿದ್ದಿ ಕೊಟ್ಟರು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪಕ್ಕದವನದು ನೋಡಿ ಬರೆದರೆ ನಮ್ಮನ್ನ ಹೊರಗೆ ಕಳಿಸ್ತಿದ್ದರು. "ವಿಜ್ಞಾನ ನಂಬ್ರಿ" ಅಂತ ನಮಗೆ ಹೇಳೋರು ತಾವು ಲೆಕ್ಕ ಮಾಡಿದ ಹಾಳೆ ತೋರಿಸಬೇಕು.

ಈಗ ನನಗೆ ಎಲ್ಲಕ್ಕಿಂತ ಹೊಟ್ಟೆಗೆ ಸಂಕಟ ಆಗೋ ಮಾತು. ಮಂತ್ರಿ ಕೊಟ್ಟದ್ದು ತಡೆ. "ಸ್ವತಂತ್ರವಾಗಿ ಪರೀಕ್ಷೆ ಆಗಲಿ, ಜನರಿಗೂ ವಿಜ್ಞಾನಿಗಳಿಗೂ ನಂಬಿಕೆ ಬರಲಿ, ಅಲ್ಲಿವರೆಗೆ ನಿಲ್ಲಲಿ" ಅನ್ನೋ ಅರ್ಥದ ತಡೆ. 15 ವರ್ಷ ದಾಟಿತು. ತಡೆ ಇನ್ನೂ ಇದೆ, ಉತ್ತರ ಬರಲಿಲ್ಲ. ಬೇಡ ಅಂದವರು ಗೆದ್ದೆವು ಅಂತ ಮನೆಗೆ ಹೋದರು. ಬೇಕು ಅಂದವರು ಮುನಿಸಿಕೊಂಡು ಹೋದರು. ಹುಳ ಮಾತ್ರ ಎಲ್ಲೂ ಹೋಗಲಿಲ್ಲ.

ಹುಳ ಹೋಗಲಿಲ್ಲ ಅಂದರೆ ಎಣ್ಣಿಯೂ ಹೋಗಲಿಲ್ಲ. ಬದನೆ ಕಾಯಿ ಬಿಡೋ ಕಾಲಕ್ಕೆ ನಮ್ಮ ಭಾಗದಲ್ಲಿ ವಾರಕ್ಕೊಮ್ಮೆ ಹೊಡೆಯೋರಿದ್ದಾರೆ, ಎರಡು ಸಲ ಹೊಡೆಯೋರೂ ಇದ್ದಾರೆ. ಸಂಜೆ ಹೊಡೆದು ಮರುದಿನ ಬೆಳಗ್ಗೆ ಕಿತ್ತು ಸಂತೆಗೆ ಒಯ್ಯೋದನ್ನ ಕಣ್ಣಾರೆ ಕಂಡಿದ್ದೀನಿ. ಪಂಪು ಹೊತ್ತವನ ಬೆನ್ನು ತೋಯ್ದಿರ್ತದೆ, ಬಾಯಿಗೆ ಒಂದು ಟವಲ್ಲು. ಬಿಟಿ ಬದನೆ ತಿಂದರೆ ಏನಾಗ್ತದೋ ಅಂತ 8,000 ಜನ ಚಿಂತೆ ಮಾಡಿದರಲ್ಲ, ಈ ಬದನೆ ತಿಂದರೆ ಏನಾಗ್ತದೆ ಅಂತ ಯಾವ ಮಂತ್ರಿ ಯಾವ ಊರಲ್ಲಿ ಸಭೆ ಕರೆದರು?

ನಾನು 10 ಗುಂಟೆ ಬದನೆಗೆ ಮೋಹಕ ಬಲೆ ಹಾಕ್ತೀನಿ. ವಾರಕ್ಕೊಮ್ಮೆ ಬಾಡಿದ ಕುಡಿ ಚಿವುಟಿ ಸುಡ್ತೀವಿ. ಹುಳ ಕಡಿಮೆ ಆಗ್ತದೆ, ಪೂರ್ತಿ ಹೋಗೋದಿಲ್ಲ. ಪಕ್ಕದ ಹೊಲದ ಪತಂಗ ಬದು ನೋಡಿ ನಿಲ್ಲೋದಿಲ್ಲವಲ್ಲ. ಊರಿನ ಬದನೆ ಬೆಳೆಗಾರರೆಲ್ಲ ಸೇರಿ ಒಂದೇ ಸಲ ಬಲೆ ಹಾಕಿದರೆ ಚೆನ್ನಾಗಿ ನಡೀತದೆ. ಬಿಟಿ ಬೇಡ ಅಂದವರು ಇದನ್ನ ಊರೂರಿಗೆ ಒಯ್ಯಬೇಕಿತ್ತು. "ಬೇಡ" ಅಂದ ಮೇಲೆ "ಮತ್ತೇನು ಮಾಡೋಣ" ಅನ್ನೋ ಜವಾಬ್ದಾರಿ ಬರ್ತದೆ. "ಬೇಕು" ಅಂದವರಿಗೂ ಜವಾಬ್ದಾರಿ ಇತ್ತು. ಧಾರವಾಡದ ಹೊಲದಲ್ಲಿ ಬಿಟಿ ಬದನೆ, ಬಲೆ ಹಾಕಿದ ಬದನೆ, ಎಣ್ಣಿ ಹೊಡೆದ ಬದನೆ ಮೂರನ್ನೂ ಪಕ್ಕ ಪಕ್ಕ, ಬೇಲಿ ಹಾಕಿ ಕಟ್ಟುನಿಟ್ಟಾಗಿ ಬೆಳೆಸಿ, ಮೂರನ್ನೂ ಹೊರಗಿನ ಲ್ಯಾಬಿಗೆ ಕಳಿಸಿ, ಕೃಷಿ ಮೇಳದಲ್ಲಿ ಲಕ್ಷಾಂತರ ರೈತರ ಎದುರು ಬೋರ್ಡು ಹಾಕಿದ್ದರೆ ಇಷ್ಟು ವರ್ಷಕ್ಕೆ ಮೊದಲ ಎರಡು ಪ್ರಶ್ನೆಗೆ ನಮಗೆ ಕೈಯಲ್ಲಿ ಹಿಡಿಯೋ ಉತ್ತರ ಇರ್ತಿತ್ತು.

ಈಗ ಭತ್ತಕ್ಕೆ ಬರೋಣ. ಬಿಡುಗಡೆ ಆದ ಎರಡರಲ್ಲಿ ಒಂದು ಕಮಲಾ. ನಮ್ಮ ಗಂಗಾವತಿ, ಸಿಂಧನೂರು ಕಡೆಯವರಿಗೆ ಗೊತ್ತಿರೋ ಬಿಪಿಟಿ 5204 ತಳಿಯನ್ನ ತಿದ್ದಿ ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯವರು ಮಾಡಿದ್ದು. ಇದರಲ್ಲಿ ಹೊರಗಿನ ಜೀನು ಸೇರಿಸಿಲ್ಲ, ಭತ್ತದ್ದೇ ಜೀನನ್ನ ತಿದ್ದಿದ್ದಾರೆ. ಆದ್ದರಿಂದ ಬಿಟಿ ಬದನೆ ಜಗಳದ ಮಾತನ್ನ ಹಾಗೇ ತಂದು ಇದಕ್ಕೆ ಅಂಟಿಸೋದು ಸರಿಯಲ್ಲ. ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರ್ತದೆ, ಇಳುವರಿ ಜಾಸ್ತಿ ಅಂತ ಅವರು ಹೇಳ್ತಾರೆ. 20 ದಿನ ಅಂದರೆ ಕಾಲುವೆಯ ಕೊನೆ ಭಾಗದ ರೈತನಿಗೆ ಒಂದೆರಡು ಸರದಿ ನೀರು ಉಳಿದಂಗೆ. ಸಣ್ಣ ಮಾತಲ್ಲ. ಇಂಥ ತಳಿಗಳಿಗೆ ಕುಲಾಂತರಿ ಬೆಳೆಯ ಕೆಲವು ಕಟ್ಟುಪಾಡುಗಳಿಂದ 2022ರಲ್ಲೇ ವಿನಾಯಿತಿ ಕೊಟ್ಟಿದ್ದಾರೆ. ಅದೂ ಸಣ್ಣ ಮಾತಲ್ಲ.

ಹಂಗಾಗಿ ಪರ ವಿರೋಧ ಅಂತ ಲುಂಗಿ ಎತ್ತಿ ಕಟ್ಟೋ ಮೊದಲು ನಾಲ್ಕು ಬೇರೆ ಬೇರೆ ಚೀಟಿ ಬರೆಯೋಣ. ಒಂದು, 20 ದಿನದ ಮಾತು ಮಾಡಿದವರನ್ನ ಬಿಟ್ಟು ಬೇರೆಯವರ ಹೊಲದಲ್ಲಿ ಎಷ್ಟು ಹಂಗಾಮು ನಿಂತಿತು? ಎರಡು, ನಮ್ಮ ನೀರಿನ ಸರದಿಗೆ, ನಮ್ಮ ಸವುಳು ಭೂಮಿಗೆ ಹೊಂದ್ತದೋ? ಮೂರು, ಬೀಜ ಮನೆಯಲ್ಲಿ ಇಟ್ಟುಕೊಳ್ಳಬಹುದೋ, ಆ ಜೀನು ತಿದ್ದೋ ಕತ್ತರಿಯ ಪೇಟೆಂಟ್ ಹೊರದೇಶದವರದು ಅಂದರೆ ನಾಳೆ ನಮಗೆ ಬಿಲ್ಲು ಬರ್ತದೋ? ನಾಲ್ಕು, ಅನ್ನ ಹೆಂಗಿರ್ತದೆ, ತಿನ್ನೋರು ಏನಂತಾರೆ, ಚೀಲದ ಮೇಲೆ ಹೆಸರು ಬರೆದು ಮಾರ್ತಾರೋ ಇಲ್ಲೋ? ಮೊದಲನೇದಕ್ಕೆ ವಿಜ್ಞಾನಿ ಉತ್ತರ ಕೊಡಲಿ, ಎರಡನೇದಕ್ಕೆ ಬೆಳೆಯೋನು ಕೊಡಲಿ. ಮೂರನೇದು ಎಲ್ಲರೂ ಸೇರಿ ತೀರ್ಮಾನ ಮಾಡೋದು. ನಾಲ್ಕನೇದು ಒಲೆ ಮುಂದೆ ಕೂತವರಿಗೆ ಬಿಟ್ಟದ್ದು.

ಮಾತಿಗೆ ಕೂರುವಾಗ ಇನ್ನೊಂದು ಪದ್ಧತಿ ಇಟ್ಟುಕೊಂಡರೆ ಒಳ್ಳೇದು. "ಏನು ತೋರಿಸಿದರೆ ನಿನ್ನ ಅಭಿಪ್ರಾಯ ಬದಲು ಮಾಡ್ತೀಯಪ್ಪ?" ಅಂತ ಮೊದಲೇ ಕೇಳ್ರಿ. ಹೇಳಿದರೆ ಅವನ ಜೊತೆ ಕೂತು ಮಾತಾಡ್ರಿ, ಎರಡು ಚಹಾ ಜಾಸ್ತಿ ಆದರೂ ಚಿಂತೆ ಇಲ್ಲ. "ಏನು ತೋರಿಸಿದರೂ ಬದಲು ಮಾಡೋದಿಲ್ಲ" ಅಂದರೆ ನಮಸ್ಕಾರ ಹೇಳಿ ಎದ್ದು ಬರ್ರಿ, ಹೊಲದಲ್ಲಿ ಕೆಲಸ ಇರ್ತದೆ.

ನನ್ನನ್ನೂ ಕೇಳಬಹುದು. ಭತ್ತದ ವಿಷಯಕ್ಕೆ ನನ್ನ ಉತ್ತರ ಇದು: ಸರ್ಕಾರಿ ಫಾರ್ಮಿನಲ್ಲಿ ಹಳೇ ಬಿಪಿಟಿ ಪಕ್ಕ ಬೆಳೆಸಿ ಎರಡು ಹಂಗಾಮು ತೋರಿಸಲಿ, ಬೀಜ ಇಟ್ಟುಕೊಳ್ಳೋ ಹಕ್ಕು ಕಾಗದದ ಮೇಲೆ ಬರೆದು ಕೊಡಲಿ, ಆಗ ನಾನು ಬೇಕು ಅನ್ನೋರ ಕಡೆ. ಎರಡರಲ್ಲಿ ಒಂದು ತಪ್ಪಿದರೂ ಬೇಡ.

ಕಾಲುವೆ ಕೆಳಗೆ ಭತ್ತ ಬೆಳೆಯೋರು, ಬದನೆಗೆ ಬಲೆ ಹಾಕಿ ನೋಡಿದವರು, ಸೀಡ್ಸ್ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡೋ ಅಕ್ಕಂದಿರು ಏನಂತೀರಿ ಅಂತ ಬರೀರಿ. ನಾಳೆ ಹತ್ತಿಗೆ ಎಡೆಕುಂಟೆ ಹೊಡೆಯೋದೈತಿ, ಎತ್ತು ಹೇಳಿಟ್ಟಾಗಿದೆ. ಇಲ್ಲಿಗೆ ನಿಲ್ಲಿಸ್ತೀನಿ.